ಜಗತ್ತು ಸತ್ಯ, ‘ನನ್ನದು’ ಎಂಬುದೇ ಭ್ರಾಂತಿ



ಚಾತುರ್ಮಾಸ್ಯವು ವ್ರತಗಳ ಕಾಲವಾಗಿರುವಂತೆಯೇ ಪ್ರವಚನಗಳ ಕಾಲವೂ ಆಗಿದೆ. ಶಯನೈಕಾದಶಿಯಿಂದ ಉತ್ಥಾನದ್ವಾದಶಿಯವರೆಗೆ ನಮ್ಮ ಮಠಮಂದಿರಗಳಲ್ಲಿ ಸಾಯಂಕಾಲದ ದೀಪ ಹಚ್ಚಿದೊಡನೆ ಪುರಾಣಪ್ರವಚನಗಳು ಆರಂಭವಾಗುವುವು. ಅವುಗಳಲ್ಲಿ ಪುನಃ ಪುನಃ ಕಿವಿಗೆ ಬೀಳುವ ಮಾತೆಂದರೆ ‘ಸಂಸಾರಮೋಹವನ್ನು ಬಿಡಬೇಕು’ ಎಂಬುದು. ಕೇಳುವವರು ತಲೆದೂಗುವರು, ಮಂಗಳಾರತಿಯಾದ ಬಳಿಕ ಮನೆಗೆ ತೆರಳಿ ಯಥಾಪ್ರಕಾರ ಸಂಸಾರದಲ್ಲಿ ತೊಡಗುವರು. ಬಿಡಬೇಕಾದುದು ಯಾವುದು, ಉಳಿಸಿಕೊಳ್ಳಬೇಕಾದುದು ಯಾವುದು ಎಂಬ ವಿವೇಚನೆಯಿಲ್ಲದೆ ‘ಬಿಡು’ ಎಂದರೆ ಕೇಳುವವನು ಏನನ್ನು ತಾನೇ ಬಿಟ್ಟಾನು? ಈ ವಿಷಯದಲ್ಲಿ ನಾವೇ ಒಮ್ಮೆ ಎಡವಿದ್ದೆವು. ಆ ಪ್ರಸಂಗವನ್ನು ಮುಚ್ಚಿಡದೆ ನಿವೇದಿಸಿ, ಆ ಬಳಿಕ ವಿಷಯಕ್ಕೆ ಬರುವೆವು.

ಪಾಠಶಾಲೆಯ ಅಧ್ಯಯನವನ್ನೂ ಬಿ.ಎ. ಪರೀಕ್ಷೆಯನ್ನೂ ಮುಗಿಸಿಕೊಂಡು ಊರಿಗೆ ಬಂದ ಹೊಸತು. ನಮ್ಮ ತೀರ್ಥರೂಪರು ಅರ್ಚಕರಾಗಿರುವ ದೇವಾಲಯದಲ್ಲಿಯೇ ಏಳು ದಿನಗಳ ಪ್ರವಚನಕ್ಕೆ ನಮ್ಮನ್ನು ಕೂರಿಸಿದ್ದರು. ವಿಷಯ ವೈರಾಗ್ಯ. ಆರು ದಿನಗಳ ಕಾಲ ನಾವು ಬಲು ಉತ್ಸಾಹದಿಂದ ಮಾತನಾಡಿದೆವು. ನೀರಿನ ಗುಳ್ಳೆ, ಮಿಂಚು, ಸಂತೆಯ ಗುಂಪು ಮೊದಲಾದ ದೃಷ್ಟಾಂತಗಳು ಒಂದಾದ ಮೇಲೊಂದು ಬಂದುವು. ಏಳನೆಯ ದಿನ ಪ್ರಸಾದ ಹಂಚುವ ಹೊತ್ತಿನಲ್ಲಿ ವೃದ್ಧ ಸುವಾಸಿನಿಯೊಬ್ಬರು ಹತ್ತಿರ ಬಂದು ನಿಂತರು. ಅವರ ಹಿರಿಯ ಮಗನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡು ಒಂದು ವರ್ಷವೂ ಆಗಿರಲಿಲ್ಲ. “ಈ ಸಂಕಟಕ್ಕೆ ಏನು ಮಾಡಲಪ್ಪಾ?” ಎಂದು ಅವರು ಕೇಳಿದರು. ನಾವು ತಡಮಾಡಲಿಲ್ಲ. “ತಾಯಿ, ಇದೆಲ್ಲ ಮಾಯೆ, ಯಾರಿಗೆ ಯಾರು? ಮಗನೆಂಬುದೂ ಒಂದು ಭ್ರಮೆ” ಎಂದುಬಿಟ್ಟೆವು. ಅವರು ನಮ್ಮ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ಹಾಗಾದರೆ ನನ್ನ ಮಗ ಸುಳ್ಳೇ?” ಎಂದರು. ಉತ್ತರಕ್ಕೆ ಕಾಯದೆ ಪ್ರಸಾದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದರು.

ಗರ್ಭಗುಡಿಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದ ತೀರ್ಥರೂಪರು ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತನ್ನಾಡಿದರು: “ಮಧ್ವಮತದಲ್ಲಿ ಹುಟ್ಟಿ, ಸರ್ವಮೂಲವನ್ನು ಓದಿ, ಆ ತಾಯಿಗೆ ಎಂಥ ಉತ್ತರ ಕೊಟ್ಟೆಯೋ! ನೀನು ಓದಿದ್ದರಲ್ಲಿ ಹಾಗೆಲ್ಲಿದೆ?”

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಆ ಮಾತು ನಿಜವಾಗಿತ್ತು. ಹಳ್ಳಿಹಳ್ಳಿಗಳಲ್ಲಿ ಯಾವ ಮತದವರೆಂಬ ಭೇದವಿಲ್ಲದೆ ಎಲ್ಲರ ಬಾಯಲ್ಲಿಯೂ ಓಡಾಡುವ ‘ಎಲ್ಲ ಮಾಯೆ’ ಎಂಬ ನುಡಿಯು, ಓದಿದ್ದ ಶಾಸ್ತ್ರವನ್ನು ಹಿಂದಕ್ಕೆ ತಳ್ಳಿ, ನಮ್ಮ ನಾಲಗೆಯ ಮೇಲೂ ಬಂದು ಕುಳಿತಿತ್ತು.

ಮಾಯೆ ಎಂದರೇನು?

ಶ್ರೀಮದಾಚಾರ್ಯರು (1238–1317) ತಮ್ಮ ಗ್ರಂಥಗಳಲ್ಲಿ ಅತ್ಯಂತ ದೃಢವಾಗಿ ಸ್ಥಾಪಿಸಿದ ಪ್ರಮೇಯಗಳಲ್ಲಿ ಜಗತ್ಸತ್ಯತ್ವವೂ ಒಂದು. ಮಾಯಾವಾದ ಖಂಡನ, ಉಪಾಧಿ ಖಂಡನ, ಪ್ರಪಂಚ ಮಿಥ್ಯಾತ್ವಾನುಮಾನ ಖಂಡನ ಎಂಬ ಮೂರು ಪ್ರಕರಣಗ್ರಂಥಗಳನ್ನು ಇದಕ್ಕಾಗಿಯೇ ರಚಿಸಿರುವರು. ಜೀವನಿಗೂ ಈಶ್ವರನಿಗೂ, ಜಡಕ್ಕೂ ಈಶ್ವರನಿಗೂ, ಜೀವಜೀವರಿಗೂ, ಜಡಜೀವರಿಗೂ, ಜಡಜಡಗಳಿಗೂ ಇರುವ ಐದು ಬಗೆಯ ಭೇದವು ಸತ್ಯವಾದುದು. ಈ ಪಂಚವಿಧ ಭೇದದಿಂದ ಕೂಡಿರುವುದರಿಂದಲೇ ಜಗತ್ತಿಗೆ ‘ಪ್ರಪಂಚ’ ಎಂಬ ಹೆಸರು ಬಂದಿತೆಂದು ವಿಷ್ಣುತತ್ತ್ವನಿರ್ಣಯದಲ್ಲಿ ವಿವರಿಸಿರುವರು. ಅದ್ವೈತಿಗಳಾದರೂ ವ್ಯವಹಾರಕಾಲದಲ್ಲಿ ಜಗತ್ತನ್ನು ಅಲ್ಲಗಳೆಯುವುದಿಲ್ಲ; ಜ್ಞಾನೋದಯವಾದಾಗ ಅದು ಬಾಧಿತವಾಗುವುದೆಂಬುದು ಅವರ ಮತ. ಹಾಗೆ ಎಂದಿಗೂ ಬಾಧಿತವಾಗತಕ್ಕದ್ದಲ್ಲವೆಂಬುದು ನಮ್ಮ ಆಚಾರ್ಯರ ಸಿದ್ಧಾಂತ.

ಹಾಗಾದರೆ ಶ್ರುತಿಪುರಾಣಗಳಲ್ಲಿ ಬರುವ ‘ಮಾಯೆ’ ಎಂಬ ಶಬ್ದಕ್ಕೆ ಗತಿಯೇನು? ಆ ಶಬ್ದಕ್ಕೆ ಭಗವಂತನ ಪ್ರಜ್ಞೆ ಎಂದೂ, ಅವನ ಇಚ್ಛೆ ಎಂದೂ, ಅವನ ಅಧೀನಳಾದ ಪ್ರಕೃತಿ ಎಂದೂ ಸಂದರ್ಭಕ್ಕೆ ತಕ್ಕಂತೆ ಅರ್ಥಗಳಿವೆ. ಈ ದ್ವೈತಪ್ರಪಂಚವು ‘ಮಾಯಾಮಾತ್ರ’ ಎಂದು ಮಾಂಡೂಕ್ಯದಲ್ಲಿ ಬರುವ ಪದವನ್ನು ಆಚಾರ್ಯರು ಅರ್ಥೈಸಿದ ರೀತಿಯು ಬಹು ಮನೋಹರವಾಗಿದೆ. ‘ಮಾಯೆ’ ಎಂದರೆ ಶ್ರೀಹರಿಯ ಪ್ರಜ್ಞೆ. ‘ಮಾತ್ರ’ ಎಂದರೆ ಆ ಪ್ರಜ್ಞೆಯಿಂದ ಅಳೆಯಲ್ಪಟ್ಟುದು, ಅಂದರೆ ಪೂರ್ಣವಾಗಿ ತಿಳಿಯಲ್ಪಟ್ಟುದು ಮತ್ತು ರಕ್ಷಿಸಲ್ಪಟ್ಟುದು. ಯಾವ ಪದವನ್ನು ಹಿಡಿದು ಜಗತ್ತು ಬರಿಯ ತೋರಿಕೆ ಎನ್ನಲಾಗುತ್ತಿತ್ತೋ ಅದೇ ಪದವು ಜಗತ್ತು ದೇವರು ಬಲ್ಲ, ದೇವರು ಕಾಯುವ ವಸ್ತು ಎಂಬುದನ್ನು ಸಾರುತ್ತದೆ. ಅವನು ಬಲ್ಲನೆಂದ ಮೇಲೆ ಅದು ಸುಳ್ಳಾಗುವುದೆಂತು? ಅವನು ಕಾಯುವನೆಂದ ಮೇಲೆ ಅದು ಉಪೇಕ್ಷೆಗೆ ಯೋಗ್ಯವಾಗುವುದೆಂತು?

ಸ್ವಪ್ನದ ವಿಷಯದಲ್ಲಿಯೂ ಹೀಗೆಯೇ. ‘ಸಂಸಾರವೊಂದು ಕನಸು’ ಎಂದು ಹಗುರವಾಗಿ ಹೇಳುವುದುಂಟು. ಆದರೆ ಕನಸಿನಲ್ಲಿ ಕಂಡ ವಸ್ತುವೂ ಸುಳ್ಳಲ್ಲವೆಂಬುದು ನಮ್ಮ ಸಿದ್ಧಾಂತ. ಮನಸ್ಸಿನಲ್ಲಿರುವ ವಾಸನೆಗಳನ್ನೇ ಉಪಾದಾನವನ್ನಾಗಿ ಮಾಡಿಕೊಂಡು ಶ್ರೀಹರಿಯು ಆ ಪದಾರ್ಥಗಳನ್ನು ಸೃಷ್ಟಿಸಿ ತೋರಿಸುವನು. ತಪ್ಪು ಎಲ್ಲಿರುವುದೆಂದರೆ, ಅವುಗಳನ್ನು ಜಾಗ್ರತ್ಕಾಲದ ಪದಾರ್ಥಗಳೆಂದು ತಿಳಿಯುವುದರಲ್ಲಿ. ವಸ್ತುವಿನಲ್ಲಿ ದೋಷವಿಲ್ಲ, ನಾವು ಅದನ್ನು ಗ್ರಹಿಸುವ ಪ್ರಕಾರದಲ್ಲಿ ದೋಷವಿದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ದಾರಿ ಸುಗಮವಾಗುವುದು.

ಚಿಪ್ಪಿನಲ್ಲಿ ಕಂಡ ಬೆಳ್ಳಿ

ಕಡಲತೀರದಲ್ಲಿ ನಡೆಯುತ್ತಿರುವವನು ಬಿಸಿಲಿಗೆ ಹೊಳೆಯುವ ಕಪ್ಪೆಚಿಪ್ಪನ್ನು ಕಂಡು ಬೆಳ್ಳಿಯೆಂದು ಬಗೆದು ಕೈಚಾಚುವನು. ಎಲ್ಲ ದರ್ಶನಗಳವರೂ ಚರ್ಚಿಸುವ ದೃಷ್ಟಾಂತವಿದು. ನಮ್ಮ ಸಿದ್ಧಾಂತದಂತೆ ಇಲ್ಲಿ ಚಿಪ್ಪು ಸತ್ಯ. ಚಿಪ್ಪಿನ ಹೊಳಪೂ ಸತ್ಯ. ಬೆಳ್ಳಿ ಎಂಬ ಲೋಹವೂ ಲೋಕದಲ್ಲಿ ಸತ್ಯವಾಗಿಯೇ ಇದೆ. ಅದನ್ನು ಬೇರೆಡೆಯಲ್ಲಿ ಕಂಡು ಬಲ್ಲವನಿಗೇ ಈ ಭ್ರಮೆ ಬರುವುದು. ಚಿಪ್ಪಿನಲ್ಲಿ ಬೆಳ್ಳಿ ಮಾತ್ರ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ, ಮುಂದೆಯೂ ಇರುವುದಿಲ್ಲ. ಆದ್ದರಿಂದ ಭ್ರಾಂತಿಯೊಂದು ಹುಟ್ಟಬೇಕಾದರೆ ಆಧಾರವಾಗಿ ಒಂದು ಸತ್ಯವಸ್ತು, ಅದಕ್ಕೆ ಸದೃಶವಾದ ಇನ್ನೊಂದು ಸತ್ಯವಸ್ತು, ಇವೆರಡರ ನಡುವೆ ಹೋಲಿಕೆ, ಇವಿಷ್ಟೂ ಬೇಕು. ಜಗತ್ತೇ ಭ್ರಾಂತಿಕಲ್ಪಿತವಾಗಬೇಕಾದರೆ ಸತ್ಯವಾದ ಬೇರೊಂದು ಜಗತ್ತಿರಬೇಕಾದೀತೆಂದು ಆಚಾರ್ಯರು ಆಕ್ಷೇಪಿಸಿದುದು ಈ ಕಾರಣದಿಂದಲೇ.

ಶಾಸ್ತ್ರದಲ್ಲಿ ವಾದಕ್ಕಾಗಿ ಬಂದಿರುವ ಈ ದೃಷ್ಟಾಂತವನ್ನು ನಮ್ಮ ಮನೆಯ ಬಾಳಿಗೆ ಅನ್ವಯಿಸಿ ನೋಡೋಣ. ‘ಈ ಮನೆ ನನ್ನದು, ಈ ಮಗ ನನ್ನವನು, ಈ ಕೆಲಸವನ್ನು ನಾನೇ ಮಾಡಿದೆ’ ಎಂದು ನಾವು ಎಣಿಸುತ್ತೇವೆ. ಮನೆ ಸುಳ್ಳಲ್ಲ. ಮಗ ಸುಳ್ಳಲ್ಲ. ಮಾಡಿದ ಕೆಲಸ ಸುಳ್ಳಲ್ಲ. ಎಣಿಸುವ ನಾವೂ ಸುಳ್ಳಲ್ಲ. ಇನ್ನು ಒಡೆತನವೆಂಬುದು ಎಲ್ಲಿಯೂ ಇಲ್ಲದ ಪದಾರ್ಥವೇ? ಅಲ್ಲ, ಅದೂ ಸತ್ಯವಾಗಿಯೇ ಇದೆ, ಆದರೆ ಶ್ರೀಹರಿಯಲ್ಲಿದೆ. ಆಚಾರ್ಯರು ತತ್ತ್ವಸಂಖ್ಯಾನವನ್ನು ಆರಂಭಿಸುವಾಗಲೇ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸಿ, ವಿಷ್ಣುವೊಬ್ಬನೇ ಸ್ವತಂತ್ರನೆಂದು ನಿರ್ಣಯಿಸಿರುವರು. ಜೀವನು ಅವನ ಪ್ರತಿಬಿಂಬ. ಬಿಂಬಕ್ಕೂ ಪ್ರತಿಬಿಂಬಕ್ಕೂ ಒಂದಿಷ್ಟು ಸಾದೃಶ್ಯವಿದೆ. ಜೀವನಿಗೂ ಜ್ಞಾನವುಂಟು, ಇಚ್ಛೆಯುಂಟು, ಕರ್ತೃತ್ವವುಂಟು. ಆದರೆ ಅವೆಲ್ಲವೂ ದತ್ತವಾದವು, ಪರಾಧೀನವಾದವು. ಇದೇ ಚಿಪ್ಪಿನ ಹೊಳಪು. ಕೊಟ್ಟ ಹೊಳಪನ್ನು ಕಂಡು ನಾವು ಸ್ವತಂತ್ರವಾದ ಒಡೆತನವೆಂಬ ಬೆಳ್ಳಿಯನ್ನು ನಮ್ಮಲ್ಲಿ ಕಾಣುತ್ತೇವೆ. ಅದು ನಮ್ಮಲ್ಲಿ ಎಂದೂ ಇರಲಿಲ್ಲ.

ನಮ್ಮ ಅಲ್ಪಮತಿಗೆ ತೋರುವಂತೆ ‘ಮೋಹ’ ಎಂಬುದರ ಸ್ವರೂಪವು ಇಷ್ಟೇ. ಇಲ್ಲಿ ಬಿಡಬೇಕಾದುದು ಚಿಪ್ಪನ್ನಲ್ಲ. ಚಿಪ್ಪನ್ನು ಬೆಳ್ಳಿಯೆಂದು ತಿಳಿದ ತಿಳಿವಳಿಕೆಯನ್ನು. ಸಂಸಾರವನ್ನು ಸುಳ್ಳೆನ್ನುವವನು ಚಿಪ್ಪನ್ನೇ ಎಸೆಯಹೊರಟಂತಾಯಿತು. ಸಂಸಾರವನ್ನು ತನ್ನದೆನ್ನುವವನು ಚಿಪ್ಪನ್ನು ಬೆಳ್ಳಿಯ ಬೆಲೆಗೆ ಮಾರಹೊರಟಂತಾಯಿತು. ಚಿಪ್ಪನ್ನು ಚಿಪ್ಪೆಂದು ತಿಳಿದು ಕೈಯಲ್ಲಿ ಹಿಡಿದಿರುವವನೇ ವಿವೇಕಿ.

ಒಂದು ಹಂಡೆಯ ಕಥೆ

ತತ್ತ್ವವನ್ನು ಓದಿ ತಿಳಿಯುವುದು ಬೇರೆ, ಅದು ಕೈಗೆ ಇಳಿಯುವುದು ಬೇರೆ. ನಮ್ಮ ಮನೆಯಲ್ಲಿಯೇ ನಡೆದುದನ್ನು ಹೇಳುತ್ತೇವೆ. ತೀರ್ಥರೂಪರ ಅಪ್ಪಣೆ ಪಡೆದೇ ಬರೆಯುತ್ತಿದ್ದೇವೆ.

ಅರ್ಚಕರ ಕೈಯಲ್ಲಿ ದಿನವೂ ಹಾದುಹೋಗುವ ಬೆಳ್ಳಿಬಂಗಾರಗಳು ಅಲ್ಪವಲ್ಲ. ಉತ್ಸವದ ದಿನಗಳಲ್ಲಿ ದೇವರಿಗೆ ಕಿರೀಟ, ಕಂಠೀಹಾರ, ಕಾಸಿನ ಸರಗಳನ್ನು ತೊಡಿಸಿ, ರಾತ್ರಿ ಒಂದೊಂದನ್ನೇ ಇಳಿಸಿ, ಒರೆಸಿ, ಪಟ್ಟಿಯೊಡನೆ ತಾಳೆನೋಡಿ ಒಪ್ಪಿಸಿ ಬರಬೇಕು. ತೀರ್ಥರೂಪರು ಮೂವತ್ತು ವರ್ಷಗಳಿಗೂ ಮಿಕ್ಕಿ ಈ ಸೇವೆಯನ್ನು ಮಾಡಿರುವರು. ಯಾವ ಹಾರದಲ್ಲಿ ಯಾವ ಹರಳು ಸಡಿಲವಾಗಿದೆ ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲರು. ಅಷ್ಟು ಅಕ್ಕರೆ ಅದರಲ್ಲಿ. ಆದರೂ ಬೀಗದ ಕೈಯನ್ನು ಒಪ್ಪಿಸಿ ಬಂದ ಮೇಲೆ ಆ ಚಿನ್ನಕ್ಕಾಗಿ ಅವರು ಒಂದು ರಾತ್ರಿಯೂ ಹೊರಳಾಡಿದವರಲ್ಲ.

ಅದೇ ತೀರ್ಥರೂಪರು ಮನೆ ಪಾಲಾದಾಗ ತಮ್ಮ ಅಣ್ಣನವರೊಡನೆ ಅಜ್ಜಿಯ ಕಾಲದ ಒಂದು ತಾಮ್ರದ ಹಂಡೆಗಾಗಿ ಮಾತು ಬಿಟ್ಟರು. ಗದ್ದೆಯ ಪಾಲಿನಲ್ಲಿ ತಕರಾರಿರಲಿಲ್ಲ, ಮನೆಯ ಪಾಲಿನಲ್ಲಿ ತಕರಾರಿರಲಿಲ್ಲ, ಹಂಡೆಯಲ್ಲಿ ಬಂದಿತು. ಆರು ವರ್ಷಗಳ ಕಾಲ ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿಯಲಿಲ್ಲ. ಒಂದೇ ತಂದೆಯ ಶ್ರಾದ್ಧವು ಎರಡು ಮನೆಗಳಲ್ಲಿ ನಡೆಯಿತು. ಮಕ್ಕಳಾದ ನಾವು ದಾಯಾದಿಗಳೊಡನೆ ಕದ್ದು ಆಡುತ್ತಿದ್ದೆವು.

ಒಂದು ರಥೋತ್ಸವದ ರಾತ್ರಿ ಆಭರಣಗಳನ್ನು ಒಪ್ಪಿಸಿ ಬಂದ ತೀರ್ಥರೂಪರು ಊಟಕ್ಕೆ ಕುಳಿತವರು ಕೈಯನ್ನೇ ನೋಡುತ್ತ ಸುಮ್ಮನಾದರು. ಬಳಿಕ ಮಾತೃಶ್ರೀಯವರೊಡನೆ, “ಅಷ್ಟು ಬಂಗಾರವನ್ನು ಇಳಿಸಿ ಕೊಟ್ಟು ಬರುವಾಗ ಈ ಕೈ ಒಮ್ಮೆಯೂ ನಡುಗಲಿಲ್ಲ. ಆ ಹಂಡೆಯನ್ನು ಮಾತ್ರ ಏಕೆ ಹೀಗೆ ಬಿಗಿಹಿಡಿದಿದೆಯೋ!” ಎಂದರು. ಮರುದಿನ ಬೆಳಗ್ಗೆ ನಮ್ಮ ತಲೆಯ ಮೇಲೆ ಹಂಡೆಯನ್ನು ಹೊರಿಸಿ ದೊಡ್ಡಪ್ಪನವರ ಮನೆಗೆ ನಡೆದರು. ದೊಡ್ಡಪ್ಪನವರು ಅದನ್ನು ಇಳಿಸಿಕೊಂಡು ತಿರುಗಿಸಿ ನೋಡಿದರು. ತಳ ಸವೆದು ತೂತಾಗಿತ್ತು. ಆರು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಅದರಲ್ಲಿ ನೀರು ಕಾಯಿಸಿದವರಿರಲಿಲ್ಲ. ಇಬ್ಬರೂ ಮೊದಲು ನಕ್ಕರು, ಆಮೇಲೆ ಅತ್ತರು.

ದೇವಾಲಯದ ಚಿನ್ನವೂ ಸತ್ಯ, ಮನೆಯ ತಾಮ್ರವೂ ಸತ್ಯ. ಎರಡರಲ್ಲಿಯೂ ಅಕ್ಕರೆಯಿತ್ತು. ಒಂದರಲ್ಲಿ ‘ಇದು ಅವನದು’ ಎಂಬ ತಿಳಿವಿತ್ತು, ಆದ್ದರಿಂದ ಅಕ್ಕರೆ ಸೇವೆಯಾಯಿತು. ಇನ್ನೊಂದರಲ್ಲಿ ‘ಇದು ನನ್ನದು’ ಎಂಬ ಭ್ರಾಂತಿಯಿತ್ತು, ಆದ್ದರಿಂದ ಅಕ್ಕರೆ ಬೇಡಿಯಾಯಿತು.

ಭರತನ ಜಿಂಕೆ, ಅರ್ಜುನನ ಕಣ್ಣೀರು

ಭಾಗವತದ ಐದನೆಯ ಸ್ಕಂಧದಲ್ಲಿ ಬರುವ ಭರತನ ಕಥೆಯನ್ನು ಎಲ್ಲರೂ ಬಲ್ಲರು. ಸಮಸ್ತ ರಾಜ್ಯವನ್ನು ತೃಣದಂತೆ ತ್ಯಜಿಸಿ ಗಂಡಕೀತೀರದ ಪುಲಹಾಶ್ರಮದಲ್ಲಿ ಶ್ರೀಹರಿಯನ್ನು ಆರಾಧಿಸುತ್ತಿದ್ದ ಆ ಮಹಾನುಭಾವನು, ತಾಯನ್ನು ಕಳೆದುಕೊಂಡು ನೀರಿನಲ್ಲಿ ತೇಲುತ್ತಿದ್ದ ಜಿಂಕೆಯ ಮರಿಯನ್ನು ಎತ್ತಿ ತಂದನು. ಅದರ ಚಿಂತೆಯಲ್ಲಿಯೇ ದೇಹವನ್ನು ಬಿಟ್ಟು ಜಿಂಕೆಯಾಗಿ ಹುಟ್ಟಿದನು. ಮೂರನೆಯ ಜನ್ಮದಲ್ಲಿ ಜಡಭರತನಾಗಿ ರಹೂಗಣರಾಜನ ಪಲ್ಲಕ್ಕಿಯನ್ನು ಹೊತ್ತು ಅವನಿಗೆ ತತ್ತ್ವೋಪದೇಶ ಮಾಡಿದನು.

ಇಲ್ಲಿ ಭರತನ ತಪ್ಪು ಯಾವುದು? ಮರಿಯನ್ನು ನೀರಿನಿಂದ ಎತ್ತಿದುದೇ? ಹಾಗೆಂದರೆ ದಯೆಯೇ ಪಾಪವೆಂದಂತಾದೀತು. ಕಥೆಯನ್ನು ಗಮನವಿಟ್ಟು ಓದಿದರೆ ಎರಡು ಸಂಗತಿಗಳು ಕಾಣುತ್ತವೆ. ಮೊದಲನೆಯದು, ನನ್ನನ್ನು ಬಿಟ್ಟು ಇದಕ್ಕೆ ಬೇರೆ ಗತಿಯೇ ಇಲ್ಲವೆಂದು ಅವನು ಭಾವಿಸಿದನು. ರಕ್ಷಕನ ಸ್ಥಾನದಲ್ಲಿ ಹರಿಯನ್ನು ಮರೆತು ತನ್ನನ್ನು ಕೂರಿಸಿಕೊಂಡನು. ಎರಡನೆಯದು, ಅವನ ಸ್ನಾನ, ಜಪ, ಪೂಜಾದಿ ನಿಯಮಗಳು ದಿನಕ್ಕೊಂದರಂತೆ ಕಳಚಿಕೊಂಡುವು. ರಾಜ್ಯವನ್ನು ಬಿಟ್ಟವನನ್ನು ಒಂದು ಮರಿ ಹಿಡಿಯಿತು. ಆದ್ದರಿಂದ ಮೋಹದ ಬಲವು ವಸ್ತುವಿನ ಗಾತ್ರವನ್ನು ಅವಲಂಬಿಸಿಲ್ಲ. ರಾಜ್ಯವಾಗಲಿ ಹಂಡೆಯಾಗಲಿ ಅದಕ್ಕೆ ಸಮವೇ.

ಇದಕ್ಕೆ ಪ್ರತಿಯಾಗಿ ಅರ್ಜುನನನ್ನು ನೋಡಿರಿ. ಸ್ವಜನರನ್ನು ಕಂಡು ಮೋಹಗೊಂಡ ಅವನಿಗೆ ಶ್ರೀಕೃಷ್ಣನು ಹದಿನೆಂಟು ಅಧ್ಯಾಯಗಳನ್ನು ಉಪದೇಶಿಸಿದನು. ಆದರೆ ‘ನಿನ್ನೆದುರು ನಿಂತಿರುವ ಭೀಷ್ಮದ್ರೋಣರು ಬರಿಯ ತೋರಿಕೆ’ ಎಂದು ಎಲ್ಲಿಯೂ ಹೇಳಲಿಲ್ಲ. ಬದಲಾಗಿ ಎರಡನೆಯ ಅಧ್ಯಾಯದಲ್ಲಿಯೇ ತಾನೂ, ಅರ್ಜುನನೂ, ಅಲ್ಲಿ ನೆರೆದ ಅರಸರೂ ಸದಾಕಾಲ ಇರುವವರೆಂದು ಸಾರಿದನು. ಕೊನೆಯಲ್ಲಿ ಅರ್ಜುನನು ತನ್ನ ಮೋಹವು ನಾಶವಾಯಿತೆಂದು ಒಪ್ಪಿ ಬಿಲ್ಲನ್ನೆತ್ತಿದನು.

ಆ ಬಳಿಕ ಏನಾಯಿತು? ಯುದ್ಧದ ಹದಿಮೂರನೆಯ ದಿನ ಅಭಿಮನ್ಯು ಮಡಿದನು. ಸಂಜೆ ಶಿಬಿರಕ್ಕೆ ಮರಳಿದ ಅರ್ಜುನನು ಮಗನಿಗಾಗಿ ಗೋಳಾಡಿದನು. ಸಾಕ್ಷಾತ್ ಭಗವಂತನ ಬಾಯಿಂದ ಗೀತೆಯನ್ನು ಕೇಳಿದವನೂ ಅತ್ತನು! ಆಗ ಶ್ರೀಕೃಷ್ಣನು ‘ಕಲಿಸಿದ ಪಾಠವೆಲ್ಲ ವ್ಯರ್ಥವಾಯಿತೇ?’ ಎಂದು ಜರೆಯಲಿಲ್ಲ. ಅವನನ್ನು ಸಂತೈಸಿದನು; ತಂಗಿಯಾದ ಸುಭದ್ರೆಯ ಬಳಿಗೂ ಹೋಗಿ ಸಮಾಧಾನ ಹೇಳಿದನು. ಕಣ್ಣೀರಿಗೂ ಮೋಹಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಸಂಗವನ್ನು ನಾವು ಬೇರೆಡೆ ಕಂಡಿಲ್ಲ.

ಆರನೆಯ ಸ್ಕಂಧದ ಚಿತ್ರಕೇತುವಿನ ಕಥೆಯಲ್ಲಿ, ಮೃತನಾದ ರಾಜಕುಮಾರನ ಜೀವನನ್ನು ನಾರದರು ಕರೆದಾಗ ಅವನು, ಇವರು ಯಾವ ಜನ್ಮದಲ್ಲಿ ತನಗೆ ತಂದೆತಾಯಿಗಳಾಗಿದ್ದರೆಂದು ಪ್ರಶ್ನಿಸುತ್ತಾನೆ. ಈ ಮಾತನ್ನು ಕೇಳಿ ‘ಸಂಬಂಧವೇ ಸುಳ್ಳು’ ಎಂದು ತೀರ್ಮಾನಿಸುವವರುಂಟು. ಅದು ಸರಿಯಲ್ಲ. ಅನೇಕ ಜನ್ಮಗಳಲ್ಲಿ ಅನೇಕ ತಂದೆತಾಯಿಗಳಾಗಿರುವರೆಂದರೆ ಸಂಬಂಧಗಳು ಅನೇಕವೂ ಅನಿತ್ಯವೂ ಆಗಿವೆಯೆಂದು ಅರ್ಥ. ಅನಿತ್ಯವಾದುದು ಅಸತ್ಯವಲ್ಲ. ರಾತ್ರಿ ಅರಳಿ ಹಗಲಿನಲ್ಲಿ ಬಾಡುವ ಪಾರಿಜಾತವು ದೇವರ ಮುಡಿಯಲ್ಲಿದ್ದುದು ಸುಳ್ಳಾಗುವುದೇ? ಬಾಡಿತೆಂದ ಮಾತ್ರಕ್ಕೆ ಮಾಡಿದ ಅರ್ಚನೆಯು ಇಲ್ಲವಾಗುವುದೇ?

ಎಲ್ಲಕ್ಕಿಂತ ಮಿಗಿಲಾದ ಸ್ನೇಹ

ಮಹಾಭಾರತತಾತ್ಪರ್ಯನಿರ್ಣಯದ ಮೊದಲ ಅಧ್ಯಾಯದಲ್ಲಿ ಆಚಾರ್ಯರು ಭಕ್ತಿಯ ಲಕ್ಷಣವನ್ನು ಹೇಳಿರುವರು. ಭಗವಂತನ ಮಾಹಾತ್ಮ್ಯವನ್ನು ಅರಿತು ಅವನಲ್ಲಿಡುವ ಸುದೃಢವಾದ, ಎಲ್ಲಕ್ಕಿಂತ ಅಧಿಕವಾದ ಸ್ನೇಹವೇ ಭಕ್ತಿ. ತನ್ನಲ್ಲಿಯೂ ತನ್ನವರಲ್ಲಿಯೂ ಇರುವ ಪ್ರೀತಿಗಿಂತ ಮಿಗಿಲಾದುದೆಂದು ಶ್ರೀಜಯತೀರ್ಥರು ನ್ಯಾಯಸುಧೆಯಲ್ಲಿ ಇದನ್ನು ವಿಸ್ತರಿಸಿರುವರು. ‘ಎಲ್ಲಕ್ಕಿಂತ ಅಧಿಕ’ ಎಂಬಲ್ಲಿ ಒಂದು ಸೂಕ್ಷ್ಮವಿದೆ. ಉಳಿದವರಲ್ಲಿ ಸ್ನೇಹವೇ ಇರಬಾರದೆಂದಿದ್ದರೆ ಅಧಿಕವೆಂಬ ತುಲನೆಗೆ ಅವಕಾಶವೆಲ್ಲಿತ್ತು? ಆದ್ದರಿಂದ ಮನೆಯವರ ಮೇಲಿನ ಪ್ರೀತಿಯನ್ನು ಕೊಂದು ಅದರ ಬೂದಿಯಲ್ಲಿ ಭಕ್ತಿಯನ್ನು ಬೆಳೆಸಬೇಕಾಗಿಲ್ಲ. ಆ ಪ್ರೀತಿಯು ಅದರ ಸ್ಥಾನದಲ್ಲಿರಲಿ. ಕೊಟ್ಟವನ ಮೇಲಿನ ಪ್ರೀತಿಯು ಅದಕ್ಕಿಂತ ಮೇಲಿರಲಿ.

ಹಾಗಿದ್ದರೆ ನಮ್ಮ ಅಕ್ಕರೆಯು ಯಾವಾಗ ಮೋಹವಾಯಿತೆಂದು ತಿಳಿಯುವುದು ಹೇಗೆ? ಮೇಲಿನ ಕಥೆಗಳಿಂದಲೇ ಮೂರು ಪರೀಕ್ಷೆಗಳು ದೊರೆಯುತ್ತವೆ. ಒಂದು, ಭರತನಿಗಾದಂತೆ ಅದರಿಂದ ಹರಿಸ್ಮರಣೆ ಮತ್ತು ವಿಹಿತಕರ್ಮಗಳು ಹಿಂದೆ ಬೀಳುತ್ತಿವೆಯೇ? ಎರಡು, ಹಂಡೆಯ ವಿಷಯದಲ್ಲಾದಂತೆ ಅದರ ಸಲುವಾಗಿ ಬೇರೊಬ್ಬರಿಗೆ ಅನ್ಯಾಯವಾಗುತ್ತಿದೆಯೇ? ಮೂರು, ಕೊಟ್ಟವನು ಮರಳಿ ತೆಗೆದುಕೊಂಡಾಗ ದುಃಖವು ಮಾತ್ರ ಬರುತ್ತದೆಯೋ, ಅಥವಾ ಅವನ ಮೇಲೆ ದ್ವೇಷವೂ ಹುಟ್ಟುತ್ತದೆಯೋ? ದುಃಖವು ಸಹಜ; ದ್ವೇಷವು ಒಡೆತನದ ಭ್ರಾಂತಿಯ ಗುರುತು.

ಆಚರಣೆಯಲ್ಲಿ ಅಡಗಿದ ಪಾಠ

ಈ ತತ್ತ್ವವು ನಮ್ಮ ಹಿರಿಯರು ರೂಢಿಯಲ್ಲಿಟ್ಟ ಆಚರಣೆಗಳಲ್ಲಿಯೇ ಅಡಗಿದೆ. ಉಡುಪಿಯ ಪರ್ಯಾಯವನ್ನು ನೆನೆಯಿರಿ. ಶ್ರೀವಾದಿರಾಜರು ಎರಡು ತಿಂಗಳ ಸರದಿಯನ್ನು ಎರಡು ವರ್ಷಗಳಿಗೆ ವಿಸ್ತರಿಸಿದಂದಿನಿಂದ ಅಷ್ಟಮಠಗಳ ಯತಿಗಳು ಸರದಿಯ ಮೇಲೆ ಶ್ರೀಕೃಷ್ಣನ ಪೂಜೆಯನ್ನು ನಡೆಸಿಕೊಂಡು ಬಂದಿರುವರು. ಎರಡು ವರ್ಷಗಳ ಕಾಲ ಪೂಜೆ, ಅನ್ನದಾನ, ಆಡಳಿತಗಳ ಪೂರ್ಣ ಭಾರವೂ ಒಬ್ಬರದು. ಅವಧಿ ಮುಗಿದ ಜನವರಿ 18ರ ಮುಂಜಾನೆ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಮುಂದಿನವರ ಕೈಗಿತ್ತು ಅವರು ಪೀಠದಿಂದ ಇಳಿಯುವರು. ಇರುವಷ್ಟು ಕಾಲ ಸಂಪೂರ್ಣ ಶ್ರದ್ಧೆ. ಹೊರಡುವಾಗ ಸಂಪೂರ್ಣ ಸಮರ್ಪಣೆ. ಗೃಹಸ್ಥನ ಮನೆಯೂ ಒಂದು ಪರ್ಯಾಯವೇ ಅಲ್ಲವೇ? ಅದರ ಅವಧಿ ಎಷ್ಟೆಂಬುದು ಮಾತ್ರ ನಮಗೆ ತಿಳಿಸಲ್ಪಟ್ಟಿಲ್ಲ.

ಚಾತುರ್ಮಾಸ್ಯದ ವ್ರತಗಳೂ ಹೀಗೆಯೇ. ಮೊದಲ ತಿಂಗಳು ಶಾಕ, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ದ್ವಿದಳ ಧಾನ್ಯ, ಹೀಗೆ ಒಂದೊಂದನ್ನು ಬಿಡುತ್ತೇವೆ. ಮೊಸರು ಮಿಥ್ಯೆಯೆಂದು ಬಿಡುವುದಲ್ಲ, ಕೆಟ್ಟದ್ದೆಂದೂ ಬಿಡುವುದಲ್ಲ. ಅವನ ಪ್ರೀತ್ಯರ್ಥವಾಗಿ ಬಿಟ್ಟು, ಅವನಿಗೆ ಸಮರ್ಪಿಸಿ ಮತ್ತೆ ಸ್ವೀಕರಿಸುತ್ತೇವೆ. ಬಿಡಲೂ ಬಲ್ಲ, ಹಿಡಿಯಲೂ ಬಲ್ಲ ಕೈಯನ್ನು ಸಿದ್ಧಪಡಿಸುವ ಅಭ್ಯಾಸವಿದು.

ನಿತ್ಯದ ನೈವೇದ್ಯವಂತೂ ಇನ್ನೂ ಸುಲಭವಾದ ಪಾಠ. ಅಕ್ಕಿ ನಾವು ತಂದುದು, ಅಡಿಗೆ ಮನೆಯವರು ಮಾಡಿದುದು. ಒಂದು ತುಳಸೀದಳವಿಟ್ಟು ಸಮರ್ಪಿಸಿದೊಡನೆ ಅದೇ ಅನ್ನವು ಪ್ರಸಾದವಾಗುವುದು. ಅನ್ನವು ಮಾಯವಾಗಲಿಲ್ಲ, ಒಂದು ಅಗುಳೂ ಕಡಿಮೆಯಾಗಲಿಲ್ಲ. ‘ನನ್ನ ಅನ್ನ’ವು ‘ಅವನು ಕೊಟ್ಟ ಅನ್ನ’ವಾಯಿತು, ಅಷ್ಟೇ. ಈಶಾವಾಸ್ಯೋಪನಿಷತ್ತಿನ ಮೊದಲ ಮಂತ್ರದಲ್ಲಿ ಬರುವ ‘ತ್ಯಕ್ತ’ ಎಂಬ ಪದಕ್ಕೆ ಆಚಾರ್ಯರು ‘ಅವನಿಂದ ಕೊಡಲ್ಪಟ್ಟುದು’ ಎಂದು ಅರ್ಥ ಹೇಳಿರುವರು. ಕೊಟ್ಟುದನ್ನು ಅನುಭವಿಸು, ಪರರ ಧನಕ್ಕೆ ಆಸೆಪಡಬೇಡ ಎಂಬುದು ಅಲ್ಲಿಯ ವಿಧಿ. ನಮ್ಮ ಅಡಿಗೆಯ ಮನೆಯಲ್ಲಿ ದಿನವೂ ನಡೆಯುವ ಕಾರ್ಯವು ಆ ಮಂತ್ರದ ವ್ಯಾಖ್ಯಾನವೇ ಆಗಿದೆ. ಅನ್ನದಲ್ಲಿ ಮಾಡುವುದನ್ನು ಮನೆಯಲ್ಲಿ, ಮಕ್ಕಳಲ್ಲಿ, ದೇಹದಲ್ಲಿ ಮಾಡಲು ಕಲಿಯುವುದೇ ವೈರಾಗ್ಯ.

ಇದು ಒಂದು ಪ್ರವಚನದಿಂದಾಗಲಿ ಒಂದು ಲೇಖನದಿಂದಾಗಲಿ ಸಿದ್ಧಿಸುವುದೆಂದು ನಾವು ಹೇಳಲಾರೆವು. ಜೀವನ ಸ್ವರೂಪವನ್ನು ಮುಚ್ಚುವ ಜೀವಾಚ್ಛಾದಿಕೆ, ಪರಮಾತ್ಮನನ್ನು ಜೀವನಿಗೆ ಮರೆಮಾಡುವ ಪರಮಾಚ್ಛಾದಿಕೆ ಎಂಬ ಎರಡು ಆವರಣಗಳನ್ನು ಶಾಸ್ತ್ರವು ಹೇಳುತ್ತದೆ. ಅವು ಸರಿಯುವುದು ಅವನ ಪ್ರಸಾದದಿಂದಲೇ. ನಮ್ಮ ಪಾಲಿನ ಕೆಲಸವು ದಿನಕ್ಕೊಂದು ಬಾರಿಯಾದರೂ ಕೈಯನ್ನು ಸಡಿಲಿಸಿ ‘ನಿನ್ನದು’ ಎನ್ನುವುದು.

ಕೊನೆಯದಾಗಿ ಆ ತಾಯಿಯ ವಿಷಯ. ಮಗನ ಆಬ್ದಿಕದ ಮರುದಿನ ನಾವು ತೀರ್ಥರೂಪರೊಡನೆ ಅವರ ಮನೆಗೆ ಹೋಗಿ ಕ್ಷಮೆ ಬೇಡಿದೆವು. “ತಾಯಿ, ಅಂದು ನಾವು ಹೇಳಿದುದು ತಪ್ಪು. ನಿಮ್ಮ ಮಗ ಸುಳ್ಳಲ್ಲ. ಅವನೊಬ್ಬ ಜೀವ, ಜೀವನಿಗೆ ನಾಶವಿಲ್ಲ. ನೀವು ಸಾಕಿದ ಇಪ್ಪತ್ತೆರಡು ವರ್ಷಗಳೂ ಸುಳ್ಳಲ್ಲ. ಅವನನ್ನು ಕಾಯುವ ಅಧಿಕಾರವು ನಿಮ್ಮಲ್ಲಿತ್ತು ಎಂಬುದೊಂದೇ ಸುಳ್ಳು. ಆಗ ಕಾಯುತ್ತಿದ್ದವನೇ ಈಗಲೂ ಕಾಯುತ್ತಿದ್ದಾನೆ” ಎಂದೆವು.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಒಳಗೆ ಹೋಗಿ ದೇವರ ಮುಂದಿದ್ದ ಹಾಲಿನ ಬಟ್ಟಲನ್ನು ತಂದು ನಮ್ಮ ಮುಂದಿಟ್ಟರು. ಆಮೇಲೆ ಮೆಲ್ಲನೆ, “ಹಾಗಾದರೆ, ನಾನು ಅತ್ತರೆ ತಪ್ಪಿಲ್ಲವಷ್ಟೇ?” ಎಂದು ಕೇಳಿದರು.

“ತಪ್ಪಿಲ್ಲ ತಾಯಿ” ಎಂದರು ತೀರ್ಥರೂಪರು.

॥ ಶ್ರೀಕೃಷ್ಣಾರ್ಪಣಮಸ್ತು ॥